ಫ್ರೆಂಚ್ ಬುಲ್‌ಡಾಗ್ ಮತ್ತು ನಮ್ಮ ಊರಿನ ಸೆಕೆ

ಕೇಳುಗರಿಗೆ ನಮಸ್ಕಾರ.

ಮಂಜೇಶ್ವರದಿಂದ ಮುಳ್ಳೇರಿಯಾದವರೆಗೆ ದನಕರುಗಳ ಚಿಕಿತ್ಸೆಗೆಂದು ಹಟ್ಟಿಯಿಂದ ಹಟ್ಟಿಗೆ ತಿರುಗುತ್ತಾ ಬಂದ ಪಶುವೈದ್ಯ ನಾನು. ಈಚಿನ ಕೆಲವು ವರ್ಷಗಳಿಂದ, ಹಟ್ಟಿಗೆ ಹೋಗುವ ಮೊದಲೇ ನನ್ನನ್ನು ಚಾವಡಿಯಲ್ಲಿ ನಿಲ್ಲಿಸಿ, ಬಾವಲಿಯಂತೆ ನಿಮಿರಿದ ಕಿವಿಯ, ಚಪ್ಪಟೆ ಮುಖದ, ಗಿಡ್ಡ ಕಾಲಿನ ನಾಯಿಯೊಂದನ್ನು ತೋರಿಸುವ ಮನೆಗಳು ಹೆಚ್ಚುತ್ತಿವೆ. ಅದೇ ಫ್ರೆಂಚ್ ಬುಲ್‌ಡಾಗ್. "ಡಾಕ್ಟ್ರೇ, ನಮ್ಮ ಅಜ್ಜನ ಹಾಗೆಯೇ ಗೊರಕೆ ಹೊಡೆಯುತ್ತಾನೆ" ಎಂದು ಮನೆಯವರು ಪ್ರೀತಿಯಿಂದ ಹೇಳುತ್ತಾರೆ. ಇಂದಿನ ನನ್ನ ಮಾತೆಲ್ಲ ಆ ಗೊರಕೆಯ ಕುರಿತೇ ಇದೆ. ದಯವಿಟ್ಟು ನಿಮ್ಮ ನಾಯಿಯ ಉಸಿರನ್ನು ಕಿವಿಗೊಟ್ಟು ಕೇಳಿ.

ಹೆಸರಿನಲ್ಲಿ ಫ್ರಾನ್ಸ್ ಇದ್ದರೂ ಈ ತಳಿಯ ಮೂಲ ಇಂಗ್ಲೆಂಡಿನ ಸಣ್ಣ ಬುಲ್‌ಡಾಗ್. ಹತ್ತೊಂಬತ್ತನೆಯ ಶತಮಾನದಲ್ಲಿ ನಾಟಿಂಗ್‌ಹ್ಯಾಮಿನ ಲೇಸು ಹೆಣೆಯುವ ಕುಶಲಕರ್ಮಿಗಳು ಕೆಲಸ ಅರಸಿ ಫ್ರಾನ್ಸಿಗೆ ಹೋದಾಗ ಜೊತೆಯಲ್ಲಿ ಒಯ್ದ ನಾಯಿಗಳ ಸಂತತಿ ಮುಂದೆ ಪ್ಯಾರಿಸ್ಸಿನ ಜನರ ಅಚ್ಚುಮೆಚ್ಚಾಯಿತು. 2022ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ಬಿನ ನೋಂದಣಿಯಲ್ಲಿ ಈ ತಳಿಯು 31 ವರ್ಷಗಳಿಂದ ಮೊದಲ ಸ್ಥಾನದಲ್ಲಿದ್ದ ಲ್ಯಾಬ್ರಡಾರನ್ನೇ ಹಿಂದೆ ಹಾಕಿತು. ಚಳಿಯ ನಾಡಿನಲ್ಲಿ, ಮನೆಯೊಳಗೆ, ಮನುಷ್ಯರ ಮಡಿಲಲ್ಲಿ ಬೆಳೆದು ಬಂದ ನಾಯಿ ಇದು. ತೋಟ ಕಾಯುವುದು ಇದರ ಕೆಲಸವಲ್ಲ.

ಮುದ್ದು ಮುಖಕ್ಕಾಗಿ ಮನುಷ್ಯರು ತಲೆಮಾರಿನಿಂದ ತಲೆಮಾರಿಗೆ ಇದರ ಮೂತಿಯನ್ನು ಗಿಡ್ಡ ಮಾಡುತ್ತಾ ಬಂದರು. ಎಲುಬು ಗಿಡ್ಡವಾಯಿತು, ಆದರೆ ಒಳಗಿನ ಮಾಂಸ ಅದಕ್ಕೆ ತಕ್ಕಂತೆ ಕಡಿಮೆಯಾಗಲಿಲ್ಲ. ಹೀಗಾಗಿ ಮೂಗಿನ ಹೊಳ್ಳೆಗಳು ಸೀಳುಗೆರೆಯಷ್ಟೇ ತೆರೆದಿರುತ್ತವೆ, ಮೃದುವಾದ ಅಂಗುಳು ಉದ್ದವಾಗಿ ಗಂಟಲಿನೊಳಕ್ಕೆ ಇಳಿಬಿದ್ದಿರುತ್ತದೆ, ಕೆಲವು ನಾಯಿಗಳಿಗೆ ಶ್ವಾಸನಾಳವೂ ಸಪೂರವಾಗಿರುತ್ತದೆ. ನೀವು ಗೊರಕೆ ಎನ್ನುವುದು ಆ ಇಕ್ಕಟ್ಟಿನಲ್ಲಿ ಗಾಳಿ ತಡವರಿಸುವ ಸದ್ದು.

ಇನ್ನು ನಮ್ಮ ಸೆಕೆಯ ವಿಚಾರ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದು ನಾಲಗೆ ಚಾಚಿ ಏದುಸಿರು ಬಿಡುತ್ತಾ, ಬಾಯಿ ಮತ್ತು ಮೂಗಿನ ತೇವವನ್ನು ಆವಿ ಮಾಡಿ, ಮೈಯ ಬಿಸಿಯನ್ನು ಹೊರಹಾಕುತ್ತದೆ. ಏಪ್ರಿಲ್ ತಿಂಗಳಿನಲ್ಲಿ ನಮ್ಮ ಕರಾವಳಿಯ ಗಾಳಿ ಮೊದಲೇ ನೀರು ಕುಡಿದು ತೂಗುತ್ತಿರುವಾಗ ಆ ತೇವ ಆರುವುದಾದರೂ ಹೇಗೆ? ಉದ್ದ ಮೂತಿಯ ಊರ ನಾಯಿ ಹೇಗೋ ನಿಭಾಯಿಸುತ್ತದೆ. ಫ್ರೆಂಚ್ ಬುಲ್‌ಡಾಗ್ ಹೆಚ್ಚು ಏದುಸಿರು ಬಿಟ್ಟಷ್ಟೂ ಗಂಟಲು ಬಾತುಕೊಂಡು ಉಸಿರಿನ ದಾರಿ ಮತ್ತಷ್ಟು ಮುಚ್ಚುತ್ತದೆ. ಆದ್ದರಿಂದಲೇ ಹೇಳುತ್ತೇನೆ, ಉಸಿರನ್ನು ಕೇಳಿ.

ಒಂದು ಘಟನೆಯನ್ನು ನಿಮಗೆ ಹೇಳಲೇಬೇಕು. ಪೆರ್ಲದ ಸಮೀಪದ ಒಂದು ಮನೆಯಲ್ಲಿ ಗೃಹಪ್ರವೇಶ. ಬೆಂಗಳೂರಿನಲ್ಲಿರುವ ಮಗ ಎರಡು ವರ್ಷದ ಗುಂಡನೆಂಬ ಫ್ರೆಂಚ್ ಬುಲ್‌ಡಾಗನ್ನು ಕಾರಿನಲ್ಲಿ ಕರೆತಂದಿದ್ದ. ಮಧ್ಯಾಹ್ನದ ಊಟ ಮುಗಿದು ಹಿರಿಯರು ಎಲೆಯಡಿಕೆಗೆ ಕುಳಿತಾಗ ಮಕ್ಕಳು ಅಂಗಳದಲ್ಲಿ ಗುಂಡನಿಗೆ ಚೆಂಡು ಎಸೆಯತೊಡಗಿದರು. ಈ ತಳಿಯ ಗುಣವೇ ಹಾಗೆ, ಆಡುವವರು ನಿಲ್ಲಿಸುವ ತನಕ ಅದೂ ನಿಲ್ಲಿಸುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಅದು ನೊರೆ ಕಕ್ಕಿ, ಕಾಲು ಸೋತು, ಚಪ್ಪರದ ಕಂಬಕ್ಕೆ ಒರಗಿ ಬಿದ್ದುಬಿಟ್ಟಿತು. ನನಗೆ ಫೋನು ಬಂದಾಗ ನಾನು ಆರು ಕಿಲೋಮೀಟರು ದೂರದ ಹಟ್ಟಿಯೊಂದರಲ್ಲಿ ಕರು ಹಾಕಲು ತಿಣುಕುತ್ತಿದ್ದ ದನದ ಬಳಿ ಇದ್ದೆ. "ನಾಲಗೆಯ ಬಣ್ಣ ಹೇಗಿದೆ?" ಎಂದು ಕೇಳಿದೆ. "ನೇರಳೆ ಹಣ್ಣು ತಿಂದ ಹಾಗಿದೆ" ಎಂದರು. "ಕಾರು ಹತ್ತಿಸಬೇಡಿ, ಮೊದಲು ನೀರು" ಎಂದೆ. "ಬಿಸಿ ಮೈಗೆ ತಣ್ಣೀರು ಹೊಯ್ದರೆ ಸಾಯುತ್ತದೆ" ಎಂದು ಹಿರಿಯರೊಬ್ಬರು ಹಿಂದಿನಿಂದ ಕೂಗುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು.

ಆ ಮನೆಯವರ ಪುಣ್ಯಕ್ಕೆ ಅಂಗಳದ ಮೇಲಿನ ಗುಡ್ಡದಲ್ಲಿ ಒಂದು ಸುರಂಗವಿತ್ತು. ನಮ್ಮ ಹಿರಿಯರು ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುತ್ತಿದ್ದ ಸುರಂಗಗಳು ನಿಮಗೆಲ್ಲ ಗೊತ್ತು. ಅದರ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಬಂದು ಟಾಂಕಿಗೆ ಬೀಳುತ್ತಿತ್ತು. ಅಡುಗೆಗೆ ಬಂದಿದ್ದ ಹುಡುಗನೊಬ್ಬ ಯಾರ ಮಾತಿಗೂ ಕಾಯದೆ ಗುಂಡನನ್ನು ಎತ್ತಿಕೊಂಡು ಓಡಿ, ತಲೆಯನ್ನು ನೀರಿನಿಂದ ಹೊರಗೆ ತನ್ನ ತೋಳಿನ ಮೇಲೆ ಹಿಡಿದು, ಎದೆ, ಹೊಟ್ಟೆ, ತೊಡೆಯ ಸಂದಿಗಳಿಗೆ ಆ ದಂಬೆಯ ನೀರನ್ನು ಬಿಟ್ಟ. ಮನೆಯ ಅಕ್ಕ ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ದನದ ಕೆಲಸ ಮುಗಿಸಿ ನಾನು ತಲುಪಿದಾಗಲೂ ಥರ್ಮಾಮೀಟರು 105 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಆರೋಗ್ಯವಂತ ನಾಯಿಗೆ ಅದು 101ರಿಂದ 102.5ರ ನಡುವೆ ಇರಬೇಕು. 103ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿ, ಮೈ ಒರೆಸಿ, ಡ್ರಿಪ್ಸ್ ಹಾಕಿ, ಆಮೇಲೆ ಮಂಗಳೂರಿಗೆ ಕಳುಹಿಸಿದೆ. ಗುಂಡ ಬದುಕಿದ. ಅವನನ್ನು ಉಳಿಸಿದ್ದು ನನ್ನ ಔಷಧಿಗಿಂತ ಮೊದಲು ಬಿದ್ದ ಆ ನೀರು. ಮೊದಲು ನೀರು, ಅನಂತರ ಪ್ರಯಾಣ ಎಂಬುದನ್ನು ಇನ್ನೊಮ್ಮೆ ಹೇಳುತ್ತೇನೆ. ಒದ್ದೆ ಬಟ್ಟೆಯನ್ನು ಹೊದೆಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ನೀರು ಹೊಯ್ಯಬೇಡಿ.

ಗುಂಡನ ಹೊಳ್ಳೆಗಳನ್ನು ಆಮೇಲೆ ಶಸ್ತ್ರಚಿಕಿತ್ಸೆ ಮಾಡಿ ಅಗಲ ಮಾಡಿಸಿದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಪಶುವೈದ್ಯರು ಇಂಥ ನಾಯಿಗಳನ್ನು ಮೂರು ನಿಮಿಷ ಚುರುಕಾಗಿ ನಡೆಸಿ, ಮೊದಲೂ ಆಮೇಲೂ ಗಂಟಲಿಗೆ ಸ್ಟೆತೊಸ್ಕೋಪ್ ಇಟ್ಟು ಕೇಳುವ ಪರೀಕ್ಷೆಯನ್ನು ರೂಪಿಸಿದ್ದಾರೆ. ನಿಮ್ಮ ವೈದ್ಯರಲ್ಲಿ ಇದನ್ನು ಕೇಳಿ ಮಾಡಿಸಿ. ಮರಿ ಕೊಳ್ಳುವವರು ಬಣ್ಣಕ್ಕೆ ಹಣ ಸುರಿಯುವ ಮೊದಲು ತಾಯಿನಾಯಿಯ ಹೊಳ್ಳೆ ನೋಡಿ, ಅದರ ಉಸಿರು ಕೇಳಿ. "ನೀಲಿ ಬಣ್ಣದ ಮರಿ, ಅಪರೂಪದ್ದು" ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಈ ತಳಿಯ ಹೆಚ್ಚಿನ ತಾಯಂದಿರಿಗೆ ಸಿಸೇರಿಯನ್ ಮಾಡಿಯೇ ಮರಿ ತೆಗೆಯಬೇಕಾಗುತ್ತದೆ. ಹಣ ಬರುತ್ತದೆಂದು ಮನೆಯಲ್ಲಿ ಮರಿ ಮಾಡಿಸಲು ಹೊರಡಬೇಡಿ.

ಸಮಯ ಕಡಿಮೆ ಉಳಿದಿರುವುದರಿಂದ ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ನಡೆಸುವುದು ಸೂರ್ಯ ಏಳುವ ಮೊದಲು ಅಥವಾ ಕತ್ತಲಾದ ಮೇಲೆ. ಕೊರಳಿಗೆ ಪಟ್ಟಿ ಬೇಡ, ಎದೆಗೆ ಬರುವ ಪಟ್ಟಿ ಇರಲಿ. ತೂಕ ಸುಮಾರು 12 ಕಿಲೋ ದಾಟದಿರಲಿ, ಏಕೆಂದರೆ ಬೊಜ್ಜು ನೇರವಾಗಿ ಉಸಿರನ್ನೇ ಹಿಂಡುತ್ತದೆ. ಹೋಳಿಗೆ, ಪಾಯಸ, ನೀರುಳ್ಳಿ ಹಾಕಿದ ಸಾಂಬಾರು ಯಾವುದೂ ಬೇಡ. ಮುಖದ ಮಡಿಕೆಗಳನ್ನು ಒದ್ದೆ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಮಳೆಗಾಲದಲ್ಲಿ ಇದನ್ನು ದಿನವೂ ಮಾಡಬೇಕು. ತೋಟಕ್ಕೆ ಹೋಗಿ ಬಂದರೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ಹುಡುಕಿ. ಈ ನಾಯಿಗೆ ಈಜು ಬಾರದು, ತಲೆಯ ಭಾರಕ್ಕೇ ಮುಳುಗುತ್ತದೆ, ಆದ್ದರಿಂದ ಕೆರೆ, ಮದಕ, ಟಾಂಕಿಗಳ ಬಳಿ ಒಂಟಿಯಾಗಿ ಬಿಡಬೇಡಿ.

ಇಂದು ರಾತ್ರಿ ನಿಮ್ಮ ನಾಯಿ ಗಾಢ ನಿದ್ದೆಯಲ್ಲಿರುವಾಗ ಪಕ್ಕದಲ್ಲಿ ಕುಳಿತು, ಗಡಿಯಾರ ನೋಡಿಕೊಂಡು, ಒಂದು ನಿಮಿಷದಲ್ಲಿ ಅದರ ಎದೆ ಎಷ್ಟು ಬಾರಿ ಏರಿಳಿಯುತ್ತದೆ ಎಂದು ಎಣಿಸಿ. ಮೂವತ್ತನ್ನು ಮೀರಿದರೆ, ಅಥವಾ ನಡುನಡುವೆ ಉಸಿರು ಕಟ್ಟಿ ಬೆಚ್ಚಿ ಏಳುತ್ತಿದ್ದರೆ, ನಾಳೆಯೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ಹೋಗುವುದು ಬೆಳಗ್ಗಿನ ತಂಪಿನಲ್ಲೇ ಆಗಲಿ. ನಮಸ್ಕಾರ.