ಎಸ್‌ಎನ್‌ಪ್ರಿಂಟ್‌ಎಫ್ ಹಾಕಿದ್ರೆ ಮುಗೀತಾ?

ಸಿ ಕೋಡ್ ರಿವ್ಯೂ ಮಾಡ್ವಾಗ ನಂಗೆ ಪದೇ ಪದೇ ಸಿಗೋದು ಇದು. ಅಕ್ಷರ, ನಂಬರ್‌ಗಳನ್ನ ಜೋಡ್ಸಿ ಬಫರ್‌ಗೆ (ಅಂದ್ರೆ ಎತ್ತಿಟ್ಟ ಮೆಮೊರಿ ಜಾಗಕ್ಕೆ) ಬರಿಯೋ ಹಳೇ ಎಸ್‌ಪ್ರಿಂಟ್‌ಎಫ್ ಫಂಕ್ಷನ್‌ಗಳನ್ನೆಲ್ಲ ಹುಡುಕಿ ಎಸ್‌ಎನ್‌ಪ್ರಿಂಟ್‌ಎಫ್ ಮಾಡಿ, ಸೆಕ್ಯೂರಿಟಿ ಫಿಕ್ಸ್ ಅಂತ ಬರ್ದು ಕಮಿಟ್ ಮಾಡಿರ್ತಾರೆ, ಆದ್ರೆ ಆ ಫಂಕ್ಷನ್ ವಾಪಸ್ ಕೊಡೋ ನಂಬರನ್ನ ಯಾರೂ ತಿರುಗಿ ನೋಡಿರಲ್ಲ. ಇದು ಅರ್ಧ ಕೆಲ್ಸ ಕಣ್ರೀ.

ಎಸ್‌ಪ್ರಿಂಟ್‌ಎಫ್‌ಗೆ ಬಫರ್ ಎಷ್ಟು ದೊಡ್ಡದು ಅನ್ನೋದೇ ಗೊತ್ತಿಲ್ಲ, ಬರೀತಾ ಹೋಗತ್ತೆ, ಪಕ್ಕದ ಮೆಮೊರಿನೂ ಹಾಳ್ ಮಾಡತ್ತೆ. 1999ರ ಸಿ ಸ್ಟ್ಯಾಂಡರ್ಡ್‌ಗೆ ಸೇರಿದ ಎಸ್‌ಎನ್‌ಪ್ರಿಂಟ್‌ಎಫ್ ಸೈಜ್ ಕೇಳತ್ತೆ, ಅದರೊಳಗೇ ನಿಲ್ಲತ್ತೆ, ಕೊನೇಲಿ ನಲ್, ಅಂದ್ರೆ ಅಕ್ಷರಗಳು ಇಲ್ಲಿಗೆ ಮುಗೀತು ಅನ್ನೋ ಸೊನ್ನೆ ಬೈಟ್, ಹಾಕತ್ತೆ. ಆದ್ರೆ ಹಿಡಿಸದೇ ಇದ್ದಿದ್ದನ್ನ ಸದ್ದಿಲ್ದೆ ಕತ್ತರಿಸತ್ತೆ.

ಬಫರ್ 16 ಬೈಟ್ ಅನ್ಕೊಳಿ. ಮೇನ್ ಫೋಲ್ಡರ್‌ನ ಪಾತ್ 15 ಅಕ್ಷರ, ಅದಕ್ಕೆ ಸ್ಲ್ಯಾಶ್ ಓಲ್ಡ್ ಅಂತ 4 ಅಕ್ಷರ ಸೇರ್ಸಿ, ಒಳಗಿನ ಓಲ್ಡ್ ಫೋಲ್ಡರನ್ನ ಡಿಲೀಟ್ ಮಾಡ್ಬೇಕು. ಒಟ್ಟು 19. ಕೊನೇ ಬೈಟ್ ನಲ್‌ಗೆ ಹೋಯ್ತು, ಉಳೀತು 15, ಅಂದ್ರೆ ಬಫರಲ್ಲಿ ಈಗ ಇರೋದು ಸರಿಯಾಗಿ ಮೇನ್ ಫೋಲ್ಡರ್ ಹೆಸ್ರು! ಕ್ರ್ಯಾಶ್ ಇಲ್ಲ, ಎರರ್ ಇಲ್ಲ, ಡಿಲೀಟ್ ಆಗೋದು ಮಾತ್ರ ಬೇರೇನೇ.

ಫಂಕ್ಷನ್ ಮಾತ್ರ 19 ಅಂತ ಹೇಳಿರತ್ತೆ. ಎಷ್ಟು ಬರ್ದೆ ಅಂತಲ್ಲ, ಜಾಗ ಇದ್ದಿದ್ರೆ ಎಷ್ಟು ಬರೀತಿದ್ದೆ ಅಂತ. ಅದು ಬಫರ್ ಸೈಜ್‌ಗೆ ಸಮ ಇದ್ರೂ, ಜಾಸ್ತಿ ಇದ್ರೂ ಕಟ್ ಆಗಿದೆ ಅಂತ ಅರ್ಥ, ಮೈನಸ್ ಬಂದ್ರೆ ಎರರ್. ಒಂದು ಇಫ್ ಸಾಕು.

ಇದನ್ನ ಸರಿಯಾಗಿ ತಿಳ್ಕೊಳ್ದೇ ಲೂಪಲ್ಲಿ ಆ ನಂಬರನ್ನ ಆಫ್‌ಸೆಟ್‌ಗೆ, ಅಂದ್ರೆ ಬಫರಲ್ಲಿ ಮುಂದೆ ಎಲ್ಲಿಂದ ಬರೀಬೇಕು ಅನ್ನೋ ಲೆಕ್ಕಕ್ಕೆ, ಕೂಡ್ಸೋರು ಇನ್ನೂ ದೊಡ್ಡ ಗುಂಡಿಗೆ ಬೀಳ್ತಾರೆ. ಆಫ್‌ಸೆಟ್ 19 ಆಯ್ತು, ಉಳಿದ ಜಾಗ ಎಷ್ಟು ಅಂತ 16ರಿಂದ 19 ಕಳೆದ್ರೆ ಸೈಜ್ ಟೈಪಲ್ಲಿ ಮೈನಸ್ ಅನ್ನೋದೇ ಇಲ್ವಲ್ಲ, ಸುತ್ತು ಹೊಡ್ದು ಭಾರೀ ದೊಡ್ಡ ನಂಬರ್ ಆಗತ್ತೆ, ಆಮೇಲಿನ ಕಾಲ್ ಬಫರ್ ಆಚೆ ಲಂಗುಲಗಾಮಿಲ್ದೆ ಬರಿಯತ್ತೆ. ಲಿನಕ್ಸ್ ಕರ್ನಲಲ್ಲಿ ಎಸ್‌ಸಿಎನ್‌ಪ್ರಿಂಟ್‌ಎಫ್ ಅಂತ ಇನ್ನೊಂದು ಇದೆ, ಅದು ನಿಜವಾಗ್ಲೂ ಬರ್ದಷ್ಟನ್ನೇ ಹೇಳತ್ತೆ, ಹಾಗಾಗಿ ಅದನ್ನ ಬಳಸಿದ್ರೆ ಹಿಂಗಾಗಲ್ಲ.

ಇನ್ನೊಂದು, ಫಂಕ್ಷನ್‌ಗೆ ಪಾಯಿಂಟರ್ (ಬರೀ ಮೆಮೊರಿ ವಿಳಾಸ) ಆಗಿ ಬಂದ ಬಫರ್ ಮೇಲೆ ಸೈಜ್‌ಆಫ್ ಹಾಕ್ಬೇಡಿ, ಅದು ಬಫರ್ ಸೈಜ್ ಬದ್ಲು ಆ ವಿಳಾಸದ ಸೈಜ್ ಹೇಳತ್ತೆ, 64 ಬಿಟ್ ಮೆಷಿನಲ್ಲಿ 8 ಅನ್ನತ್ತೆ.

ಲಾಗ್ ಲೈನ್ ಕಟ್ ಆದ್ರೆ ಪರ್ವಾಗಿಲ್ಲ, ಬಿಡಿ. ಪಾತ್, ಕಮಾಂಡ್, ಕ್ವೆರಿ ಕಟ್ ಆದ್ರೆ ಮುಂದೆ ಹೋಗ್ಲೇಬಾರ್ದು, ಎರರ್ ಕೊಟ್ಟು ಅಲ್ಲೇ ನಿಲ್ಸಿ. ಉದ್ದ ಎಷ್ಟಾಗತ್ತೆ ಅಂತ ಮೊದ್ಲೇ ಗೊತ್ತಾಗ್ದಿದ್ರೆ ಬಫರ್ ಜಾಗಕ್ಕೆ ನಲ್ ಪಾಯಿಂಟರ್ (ಎಲ್ಲಿಗೂ ತೋರ್ಸದ ವಿಳಾಸ), ಸೈಜ್ 0 ಕೊಟ್ಟು ಒಂದ್ಸಲ ಕರೀರಿ, ಬಂದ ನಂಬರ್‌ಗೆ 1 ಸೇರ್ಸಿ ಅಷ್ಟು ಬೈಟ್ ಮೆಮೊರಿ ಮ್ಯಾಲಾಕ್ ಮಾಡಿ. ಆ 1 ಕೊನೇ ನಲ್ ಬೈಟ್‌ಗೆ, ಅದನ್ನ ಮರೆತ್ರೆ ಕೊನೇ ಅಕ್ಷರ ಮತ್ತೆ ಹೋಗತ್ತೆ.