ಫೋನಿಗೂ ಸೆಕೆಯಾಗುತ್ತದೆ

ಕೇಳುಗರಿಗೆ ನಮಸ್ಕಾರ.

ಹೋದ ಏಪ್ರಿಲ್‌ನಲ್ಲಿ ಬಳ್ಳಾರಿಯಿಂದ ಹೊಸಪೇಟೆಗೆ ಬೈಕಿನಲ್ಲಿ ಹೊರಟಿದ್ದೆ. ಮಟಮಟ ಮಧ್ಯಾಹ್ನ. ದಾರಿ ಗೊತ್ತಿದ್ದರೂ ಸುಮ್ನೆ ಮ್ಯಾಪ್ ಹಾಕಿ, ಫೋನನ್ನು ಹ್ಯಾಂಡಲ್‌ಗೆ ಸಿಕ್ಕಿಸಿದ್ದೆ. ಚಾರ್ಜ್ ಮುಗಿದೀತೆಂದು ಪವರ್ ಬ್ಯಾಂಕ್ ಬೇರೆ. ತೋರಣಗಲ್ಲು ದಾಟುವಷ್ಟರಲ್ಲಿ ಪರದೆ ಮಂಕಾಯಿತು. ತಣ್ಣಗಾಗಲು ಬಿಡಿ ಎಂಬ ಸೂಚನೆ ಬಂತು. ಕೈಗೆ ತಗೊಂಡರೆ ಬಿಸಿ ಟೀ ಲೋಟ ಹಿಡಿದ ಹಾಗಿತ್ತು.

ಬೇಸಿಗೆಯೆಲ್ಲ ಹೀಗೇ ಓಡಾಡಿದೆ. ಮಳೆಗಾಲ ಬರುವಷ್ಟರಲ್ಲಿ ಫೋನಿನ ಬೆನ್ನು ಉಬ್ಬಿತ್ತು, ಕವರ್ ಕೂರುತ್ತಿರಲಿಲ್ಲ. ರಿಪೇರಿ ಅಂಗಡಿಯ ಹುಡುಗ ನೋಡಿದವನೇ, “ಸಾರ್, ಬ್ಯಾಟರಿ ಊದಿಕೊಂಡಿದೆ. ಇನ್ನು ಚಾರ್ಜಿಗೆ ಹಾಕಲೇಬೇಡಿ, ಒತ್ತಲೂಬೇಡಿ” ಎಂದ.

ನಮ್ಮ ಫೋನುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಮೊದಲು ಮಾರಾಟಕ್ಕೆ ತಂದದ್ದು. ಇದಕ್ಕೆ ಬಿಸಿ ಆಗಿಬರುವುದಿಲ್ಲ. ಹೊಟ್ಟೆ ತುಂಬಿಸಿಕೊಂಡು ಗಂಟೆಗಟ್ಟಲೆ ಕೂರುವುದೂ ಆಗಿಬರುವುದಿಲ್ಲ. ನೂರು ಮುಟ್ಟಿದಾಗ ಒಳಗಿನ ವೋಲ್ಟೇಜ್ ಅತಿ ಹೆಚ್ಚಿರುತ್ತದೆ. ಆಗ ಒಳಗಿನ ದ್ರವ ನಿಧಾನವಾಗಿ ಕೆಡುತ್ತದೆ. ಬಿಸಿಯೂ ಸೇರಿದರೆ ಬೇಗ ಕೆಟ್ಟು, ಅನಿಲ ಹುಟ್ಟುತ್ತದೆ. ನನ್ನ ಫೋನ್ ಉಬ್ಬಿದ್ದು ಅದಕ್ಕೇ.

‘ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಹಾಕು’ ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಅದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಈಗ ಅದರಿಂದ ನಷ್ಟವೇ ಜಾಸ್ತಿ. 20ಕ್ಕೆ ಇಳಿದಾಗ ಹಾಕಿ, 80ರ ಹತ್ತಿರ ತೆಗೆದರೆ ಒಳ್ಳೆಯದು. ಪದೇ ಪದೇ ಹಾಕಿದರೆ ಸವೆಯುತ್ತದೆ ಎಂಬ ಹೆದರಿಕೆಯೂ ಬೇಡ. ಅರ್ಧರ್ಧ ಎರಡು ಸಲ ತುಂಬಿಸಿದರೂ ಲೆಕ್ಕಕ್ಕೆ ಒಂದೇ ಸುತ್ತು.

ರಾತ್ರಿಯಿಡೀ ಹಾಕಿಟ್ಟರೆ? ತುಂಬಿದ ಮೇಲೆ ಫೋನ್ ತಾನೇ ನಿಲ್ಲಿಸುತ್ತದೆ, ಸಿಡಿಯುವುದಿಲ್ಲ. ಆದರೆ ಬೆಳಗಿನವರೆಗೆ ನೂರರಲ್ಲೇ ಕೂತಿರುತ್ತದಲ್ವಾ? ಈಗಿನ ಅನೇಕ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ 80ಕ್ಕೆ ನಿಲ್ಲಿಸುವ ಆಯ್ಕೆ ಇದೆ, ಒಮ್ಮೆ ಹುಡುಕಿ ನೋಡಿ. ದಿಂಬಿನ ಕೆಳಗೆ ಮಾತ್ರ ಇಡಲೇಬೇಡಿ. ಚಾರ್ಜ್ ಆಗುವಾಗ ಗೇಮ್, ವಿಡಿಯೋ ಬೇಡ. ದಪ್ಪ ಕವರ್ ಇದ್ದರೆ ಆ ಹೊತ್ತಿಗೆ ಬಿಚ್ಚಿಡಿ.

ಬಿಸಿಯಾಯಿತೆಂದು ಫ್ರಿಜ್‌ನಲ್ಲಿಡುವ ಮಹಾನುಭಾವರೂ ಇದ್ದಾರೆ! ಒಳಗೆ ನೀರು ಕಟ್ಟಿಕೊಂಡರೆ ಫೋನೇ ಹೋಗುತ್ತದೆ. ಚಾರ್ಜರ್ ತೆಗೆದು ಫ್ಯಾನಿನ ಕೆಳಗಿಟ್ಟರೆ ಸಾಕು.

ಹೊಸ ಬ್ಯಾಟರಿ ಹಾಕಿಸಿದ್ದೇನೆ. ಬೈಕ್ ಹತ್ತಿದರೆ ಫೋನ್ ಈಗ ಬ್ಯಾಗಿನೊಳಗೆ. ಮ್ಯಾಪ್ ಇಲ್ಲದೆಯೂ ಹೊಸಪೇಟೆ ಇದ್ದಲ್ಲೇ ಇದೆ.

ನಮಸ್ಕಾರ.