ಮನೆ ಬಂತು, ಜೊತೆಗೆ ದೆವ್ವವೂ ಬಂತು

ಕೇಳುಗರಿಗೆ ನಮಸ್ಕಾರ.

ಹದಿನಾರೋ ಹದಿನೇಳೋ ವರ್ಷದ ಹುಡುಗಿ. ಅವಳು ಮುಖವನ್ನೂ ನೋಡಿರದ ದೊಡ್ಡಜ್ಜಿ ಎಲ್ಲೋ ತೀರಿಕೊಂಡಿದ್ದಾಳೆ. ವಕೀಲರಿಂದ ಕಾಗದ ಬರುತ್ತದೆ: ಹಳೇ ಮನೆ ಇನ್ನು ಮೇಲೆ ನಿನ್ನದು. ಹುಡುಗಿ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾಳೆ. ಹೋದ ರಾತ್ರಿಯೇ ಅಟ್ಟದ ಮೇಲೆ ಯಾರೋ ಓಡಾಡಿದ ಸದ್ದು. ಹದಿಹರೆಯದವರಿಗೆಂದು ಇಂಗ್ಲಿಷಿನಲ್ಲಿ ಬರುವ ಎಷ್ಟೋ ಗಾತಿಕ್ ಕಾದಂಬರಿಗಳು, ಅಂದರೆ ಹಳೇ ಮನೆ, ಗುಟ್ಟು, ದೆವ್ವದ ಭಯ ತುಂಬಿದ ಕಥೆಗಳು, ಹೀಗೇ ಶುರುವಾಗುತ್ತವೆ. ನನಗೆ ಮಾತ್ರ ಅಟ್ಟದ ಸದ್ದಿಗಿಂತ ವಕೀಲರ ಕಾಗದದ ಮೇಲೇ ಕುತೂಹಲ ಜಾಸ್ತಿ. ಈ ಕಥೆಗಳಲ್ಲಿ ದೆವ್ವ ಅಡಗಿರುವುದು ಮನೆಯ ಪತ್ರದಲ್ಲೇ. ಆ ಮನೆ ನಮ್ಮವರ ಕೈಗೆ ಹೇಗೆ ಬಂತು, ಯಾರಿಂದ ಬಂತು ಅನ್ನುವುದರಲ್ಲಿ.

ಇದು ಮೊದಲಿನಿಂದಲೂ ಹೀಗೇ. ಗಾತಿಕ್ ಕಾದಂಬರಿಗಳಲ್ಲಿ ಮೊದಲನೆಯದು ಎನ್ನಿಸಿಕೊಂಡ 'ದಿ ಕ್ಯಾಸಲ್ ಆಫ್ ಒಟ್ರಾಂಟೊ'ವನ್ನು ಹೊರೇಸ್ ವಾಲ್ಪೋಲ್ 1764ರಲ್ಲಿ ಪ್ರಕಟಿಸಿದ. ಅದರಲ್ಲಿ ಮದುವೆಯ ದಿನವೇ ಮದುಮಗನ ಮೇಲೆ ರಾಕ್ಷಸ ಗಾತ್ರದ ಶಿರಸ್ತ್ರಾಣ ಬಿದ್ದು ಅವನು ಅಪ್ಪಚ್ಚಿಯಾಗುತ್ತಾನೆ. ಓದುವಾಗ ನಗು ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಹುಡುಗನಿಗೆ ಇನ್ನೂ ಹದಿನೈದು ವರ್ಷ. ಅವನ ಮುತ್ತಜ್ಜ ಯಜಮಾನನಿಗೆ ವಿಷ ಹಾಕಿ, ಸುಳ್ಳು ಉಯಿಲು ಹುಟ್ಟಿಸಿ ಕೋಟೆ ಹೊಡೆದುಕೊಂಡಿದ್ದ. ಮಾಡಿದವನು ಪಾರಾದ, ತಲೆ ಕೊಟ್ಟವನು ಮರಿಮಗ.

ಈ ವಿಷಯವನ್ನು ನಿಜವಾಗಿ ಮನೆಯೊಳಗೆ ತಂದು ಕೂರಿಸಿದವನು ಅಮೆರಿಕದ ನಥಾನಿಯಲ್ ಹಾಥಾರ್ನ್. ಅವನ 'ದಿ ಹೌಸ್ ಆಫ್ ದಿ ಸೆವೆನ್ ಗೇಬಲ್ಸ್' ಬಂದದ್ದು 1851ರಲ್ಲಿ. ಕಥೆ ಹೀಗಿದೆ. ಮ್ಯಾಥ್ಯೂ ಮಾಲ್ ಎಂಬ ಬಡವನ ಹತ್ತಿರ ಸಿಹಿನೀರಿನ ಚಿಲುಮೆ ಇರುವ ಒಂದು ತುಂಡು ನೆಲ. ಅದರ ಮೇಲೆ ಕರ್ನಲ್ ಪಿಂಚನ್ ಎಂಬ ದೊಡ್ಡ ಮನುಷ್ಯನ ಕಣ್ಣು. ಅಷ್ಟರಲ್ಲಿ ಊರಲ್ಲಿ ಮಾಟಗಾತಿಯರ ಬೇಟೆ ಶುರುವಾಗುತ್ತದೆ. ಮಾಲ್‌ಗೆ ಮಾಟಗಾರನೆಂಬ ಪಟ್ಟ ಕಟ್ಟಿ ಗಲ್ಲಿಗೇರಿಸುತ್ತಾರೆ. ಅವನು ಸಾಯುವಾಗ ಕರ್ನಲ್‌ಗೆ ಶಾಪ ಹಾಕುತ್ತಾನೆ: ದೇವರು ನಿನಗೆ ರಕ್ತ ಕುಡಿಸುತ್ತಾನೆ. ಕರ್ನಲ್ ಅದೇ ನೆಲದಲ್ಲಿ ಮನೆ ಎಬ್ಬಿಸುತ್ತಾನೆ. ಕಟ್ಟುವ ಬಡಗಿ ಯಾರು? ಸತ್ತವನ ಮಗ! ಪಾಯ ತೋಡುತ್ತಿದ್ದಂತೆ ಚಿಲುಮೆಯ ನೀರು ಉಪ್ಪಾಗುತ್ತದೆ. ಗೃಹಪ್ರವೇಶಕ್ಕೆ ಊರೆಲ್ಲ ನೆರೆದಾಗ ಮನೆಯ ಯಜಮಾನ ಕುರ್ಚಿಯಲ್ಲಿ ಕೂತಲ್ಲೇ ಸತ್ತಿರುತ್ತಾನೆ, ಗಡ್ಡದ ಮೇಲೆ ರಕ್ತ.

ಮುಂದಿನ ತಲೆಮಾರುಗಳಿಗೆ ಬಂದದ್ದು ಆ ಕುರ್ಚಿ, ಗೋಡೆಯ ಮೇಲೆ ಕರ್ನಲ್‌ನ ಭಾವಚಿತ್ರ, ಉಪ್ಪುನೀರಿನ ಬಾವಿ. ಕೊನೆಗೆ ಮನೆಯಲ್ಲಿ ಉಳಿಯುವುದು ಹೆಪ್ಜಿಬಾ ಎಂಬ ಮದುವೆಯಾಗದ ಮುದುಕಿ. ದೊಡ್ಡ ಮನೆತನ, ಹೊಟ್ಟೆಗೆ ಮಾತ್ರ ಕಷ್ಟ. ಮುಂಬಾಗಿಲ ಪಕ್ಕದಲ್ಲಿ ಪುಟ್ಟ ಅಂಗಡಿ ತೆರೆಯುತ್ತಾಳೆ. ಮೊದಲ ದಿನ ಒಬ್ಬ ಪುಟ್ಟ ಹುಡುಗ ಶುಂಠಿ ಬಿಸ್ಕತ್ತು ಕೇಳುತ್ತಾನೆ. ದುಡ್ಡು ಈಸಿಕೊಳ್ಳಲು ನಾಚಿ ಸುಮ್ನೆ ಕೊಟ್ಟು ಕಳಿಸುತ್ತಾಳೆ. ಅವನು ತಿಂದು ಮುಗಿಸಿ ಮತ್ತೆ ಹಾಜರ್, ಇನ್ನೊಂದು ಬೇಕು! ಆಗ ಕೈ ಚಾಚಲೇಬೇಕಾಗುತ್ತದೆ. ಅಂಗೈಗೆ ಬಿದ್ದ ಆ ತಾಮ್ರದ ಕಾಸಿನ ಕಲೆ ಇನ್ನು ತೊಳೆದರೂ ಹೋಗದು ಎಂದು ಅವಳ ಸಂಕಟ. ಹಿತ್ತಲಲ್ಲಿ ಮನೆತನದ ಕೋಳಿಗಳಿವೆ. ಒಂದು ಕಾಲಕ್ಕೆ ಟರ್ಕಿ ಕೋಳಿಯಷ್ಟು ದೊಡ್ಡವಂತೆ. ತಳಿ ಬೆರೆಯಬಾರದೆಂದು ಕಾದು ಕಾದು ಈಗ ಪಾರಿವಾಳದಷ್ಟಾಗಿವೆ. ಇಡೀ ಮನೆತನದ ಚರಿತ್ರೆ ಆ ಕೋಳಿಗೂಡಿನಲ್ಲೇ ಇದೆ, ಅಲ್ವಾ?

ಇದನ್ನೆಲ್ಲ ಹಾಥಾರ್ನ್ ಗಾಳಿಯಿಂದ ಹಿಡಿದು ತರಲಿಲ್ಲ. ಅವನು ಹುಟ್ಟಿದ್ದು ಮ್ಯಾಸಚೂಸೆಟ್ಸಿನ ಸೇಲಂನಲ್ಲಿ. 1692ರಲ್ಲಿ ಅಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ನೇಣಿಗೆ ಹಾಕಿದರು, ಮತ್ತೊಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. ಆರೋಪಿಗಳನ್ನು ವಿಚಾರಿಸಿದ ನ್ಯಾಯಾಧೀಶರಲ್ಲಿ ಒಬ್ಬ ಜಾನ್ ಹಾಥಾರ್ನ್, ಲೇಖಕನ ಮುತ್ತಜ್ಜನ ಅಪ್ಪ. ರಕ್ತ ಕುಡಿಸುವ ಶಾಪವೂ ಕಟ್ಟುಕಥೆಯಲ್ಲ. ಸಾರಾ ಗುಡ್ ಎಂಬ ಹೆಂಗಸು ಗಲ್ಲಿನ ಕೆಳಗೆ ನಿಂತು ಒಬ್ಬ ಪಾದ್ರಿಗೆ ಆ ಮಾತು ಹೇಳಿದಳೆಂದು ದಾಖಲೆಯಿದೆ. ಲೇಖಕ ತನ್ನ ಹೆಸರಿನ ಕಾಗುಣಿತಕ್ಕೆ ಒಂದು ಅಕ್ಷರ ಸೇರಿಸಿಕೊಂಡ. ಆ ಪೂರ್ವಜನಿಂದ ದೂರ ಸರಿಯಲೆಂದೇ ಹಾಗೆ ಮಾಡಿದ ಅನ್ನುವವರಿದ್ದಾರೆ.

ಮನೆಯೂ ನಿಜವೇ. 1668ರಲ್ಲಿ ಜಾನ್ ಟರ್ನರ್ ಎಂಬ ವರ್ತಕ ಕಟ್ಟಿಸಿದ್ದು, ಆಮೇಲೆ ಹಾಥಾರ್ನ್‌ನ ಬಂಧು ಸುಸಾನಾ ಇಂಗರ್ಸಾಲ್ ವಾಸವಿದ್ದ ಮನೆ. ಇಳಿಜಾರು ಮಾಡಿನ ಕೆಳಗೆ ಗೋಡೆ ಮುಕ್ಕೋನವಾಗಿ ಮೇಲೇಳುತ್ತದಲ್ಲ, ಅದೇ ಗೇಬಲ್. ಏಳರಲ್ಲಿ ಹಲವನ್ನು ಹಾಥಾರ್ನ್‌ನ ಕಾಲದಷ್ಟರಲ್ಲಿ ಕೆಡವಿಯಾಗಿತ್ತು. 1908ರಲ್ಲಿ ಕ್ಯಾರೊಲಿನ್ ಎಮರ್ಟನ್ ಎಂಬಾಕೆ ಮನೆ ಕೊಂಡು, ಕಾದಂಬರಿಯಲ್ಲಿದ್ದಂತೆ ಏಳನ್ನೂ ಮತ್ತೆ ಎಬ್ಬಿಸಿದಳು. ಹೆಪ್ಜಿಬಾಳ ಅಂಗಡಿಯನ್ನೂ ಸೇರಿಸಿದಳು! 1910ರಿಂದ ಅದು ವಸ್ತುಸಂಗ್ರಹಾಲಯ. ಟಿಕೆಟಿನ ದುಡ್ಡು ಊರಿಗೆ ಹೊಸದಾಗಿ ಬಂದ ವಲಸೆಗಾರರ ನೆರವಿಗೆ. ಹಳೇ ಮನೆಯಿಂದ ಇಷ್ಟು ಒಳ್ಳೆಯ ಕೆಲಸ ತೆಗೆಯುವುದು ಕಾದಂಬರಿಯ ಯಾವ ಪಾತ್ರಕ್ಕೂ ಸಾಧ್ಯವಾಗಲಿಲ್ಲ.

ಕಾದಂಬರಿಯಲ್ಲಿ ಇಬ್ಬರು ಎಳೆಯರಿದ್ದಾರೆ. ಹಳ್ಳಿಯಿಂದ ಬಂದ ಫೀಬಿ, ಮನೆತನದ ಹುಡುಗಿ. ಬಾಡಿಗೆಗಿರುವ ಹೋಲ್‌ಗ್ರೇವ್, ಫೋಟೋ ತೆಗೆಯುವವನು. ಗುಟ್ಟಾಗಿ ಅವನು ಮಾಲ್‌ನ ವಂಶದವನೇ. ಸತ್ತವರು ಕಟ್ಟಿದ ಮನೆಯಲ್ಲಿ ನಾವು ಯಾಕೆ ಇರಬೇಕು, ಪ್ರತಿ ತಲೆಮಾರೂ ತನ್ನ ಮನೆ ತಾನೇ ಕಟ್ಟಿಕೊಳ್ಳಲಿ ಎಂದು ಅವನ ವಾದ. ಅಪ್ಪ ನೆಟ್ಟ ಆಲದಮರ ಅಂತ ನೇಣು ಹಾಕಿಕೊಳ್ಳುವುದಕ್ಕಾಗುತ್ತದೆಯೇ ಎಂದು ನಮ್ಮವರು ಕೇಳುತ್ತಾರಲ್ಲ, ಹಾಗೆ.

ಕೊನೆಯಲ್ಲಿ ಮಾಲ್ ಮತ್ತು ಪಿಂಚನ್ ವಂಶಗಳು ಮದುವೆಯಲ್ಲಿ ಸೇರುತ್ತವೆ. ಎಲ್ಲರೂ ಹಳೇ ಮನೆ ಬಿಡುತ್ತಾರೆ. ಬಿಟ್ಟು ಹೋಗುವುದೆಲ್ಲಿಗೆ? ಇನ್ನೊಬ್ಬ ಪಿಂಚನ್‌ನ, ಆಗಷ್ಟೇ ಸತ್ತ ಜಡ್ಜ್ ಸಾಹೇಬನ, ಹಳ್ಳಿಯ ಬಂಗಲೆಗೆ. ಚಿಕ್ಕಪ್ಪನ ಉಯಿಲು ನಾಶಮಾಡಿ, ಆ ಚಿಕ್ಕಪ್ಪನ ಸಾವಿನ ಆರೋಪವನ್ನು ಇನ್ನೊಬ್ಬನ ತಲೆಗೆ ಕಟ್ಟಿ ದೊಡ್ಡವನಾದ ಆಸಾಮಿ ಅವನು. ಪ್ರತಿ ತಲೆಮಾರಿಗೂ ಹೊಸ ಮನೆ ಬೇಕೆಂದಿದ್ದ ಹೋಲ್‌ಗ್ರೇವ್ ಬಂಗಲೆಯ ಬಗ್ಗೆ ಏನನ್ನುತ್ತಾನೆ ಗೊತ್ತೇ? ಮರದಲ್ಲಿ ಕಟ್ಟಿಸುವ ಬದಲು ಕಲ್ಲಿನಲ್ಲಿ ಕಟ್ಟಿಸಬಾರದಿತ್ತೇ, ಇನ್ನೂ ಗಟ್ಟಿಯಾಗಿ ಉಳಿಯುತ್ತಿತ್ತು! ಇದನ್ನು ಸುಖಾಂತ ಎನ್ನುವವರಿದ್ದಾರೆ. ಇಡೀ ಪುಸ್ತಕದಲ್ಲಿ ನನಗೆ ಭಯವಾದದ್ದು ಇದೊಂದೇ ಕಡೆ.

ನಮಸ್ಕಾರ.